ಶನಿಯ ಚಂದ್ರನಲ್ಲಿ ಚಿಮ್ಮುವ ಕಡಲು

2005ರ ಫೆಬ್ರುವರಿ 17ರಂದು ಕ್ಯಾಸಿನಿ ಗಗನನೌಕೆ ಶನಿಗ್ರಹದ ಒಂದು ಪುಟ್ಟ ಚಂದ್ರನ ಬದಿಯಲ್ಲಿ ಹಾದುಹೋಯಿತು. ಎನ್ಸೆಲಡಸ್ ಅದರ ಹೆಸರು. ಅಡ್ಡಳತೆ ಸುಮಾರು 504 ಕಿಲೋಮೀಟರ್, ಅಂದರೆ ನಮ್ಮ ಚಂದ್ರನ ಏಳರಲ್ಲಿ ಒಂದು ಪಾಲು. ನೌಕೆಯಿಂದ ಹೊರಚಾಚಿದ ಉದ್ದನೆಯ ತೋಳಿನ ಮೇಲೆ ಕಾಂತಕ್ಷೇತ್ರವನ್ನು ಅಳೆಯುವ ಉಪಕರಣವಿತ್ತು. ಅದು ಕಳಿಸಿದ ಅಂಕಿಗಳಲ್ಲಿ ಒಂದು ಸಣ್ಣ ಕೊಂಕು ಕಾಣಿಸಿತು. ವಾತಾವರಣವಿಲ್ಲದ ಹಿಮದ ಉಂಡೆ ಎದುರಾದರೆ ಶನಿಯ ಕಾಂತರೇಖೆಗಳು ಹೆಚ್ಚು ಏರುಪೇರಿಲ್ಲದೆ ಅದನ್ನು ಹಾದುಹೋಗಬೇಕು. ಇಲ್ಲಿ ಅವು ಯಾವುದೋ ಅಡ್ಡಿಯನ್ನು ಬಳಸಿಕೊಂಡು ಹೋಗುವಂತೆ ಬಾಗಿದ್ದವು. ಮಾರ್ಚ್ 9ರಂದು ನೌಕೆ ಮತ್ತೆ ಸಮೀಪಿಸಿದಾಗಲೂ ಅದೇ ಬಾಗು.

ಆ ಉಪಕರಣದ ತಂಡವನ್ನು ನಡೆಸುತ್ತಿದ್ದವರು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಮಿಷೆಲ್ ಡೌಹರ್ಟಿ. ಅಂಕಿಗಳ ಕೊಂಕನ್ನು ಅವರು ಉಪಕರಣದ ದೋಷವೆಂದು ಬದಿಗಿಡಲಿಲ್ಲ. ಜುಲೈ ತಿಂಗಳ ಹಾರಾಟ ಸುಮಾರು 1,000 ಕಿಲೋಮೀಟರ್ ಎತ್ತರದಲ್ಲಿ ನಡೆಯಬೇಕೆಂದು ಮೊದಲೇ ಗೊತ್ತುಮಾಡಿದ್ದರು. ಅದನ್ನು ಬಹಳ ಕೆಳಕ್ಕೆ ಇಳಿಸಬೇಕೆಂದು ಡೌಹರ್ಟಿ ಯೋಜನೆಯ ಹಿರಿಯರ ಮುಂದೆ ವಾದಿಸಿದರು. ಅದು ಸುಲಭದ ಮಾತಲ್ಲ. ಶನಿಯ ಬಳಿ ಇರುವ ನೌಕೆಗೆ ಭೂಮಿಯಿಂದ ಹೊರಟ ಆದೇಶ ತಲುಪಲು ಒಂದು ಗಂಟೆಗೂ ಹೆಚ್ಚು ಹೊತ್ತು ಬೇಕು. ದಾರಿ ಬದಲಿಸಿದರೆ ಮುಂದಿನ ಲೆಕ್ಕಗಳನ್ನೆಲ್ಲ ಮತ್ತೆ ಹಾಕಬೇಕು. ಇತರ ಉಪಕರಣಗಳ ತಂಡಗಳೂ ಒಪ್ಪಬೇಕು. ಕೊನೆಗೆ ಒಪ್ಪಿಗೆ ಸಿಕ್ಕಿತು. 2005ರ ಜುಲೈ 14ರಂದು ಕ್ಯಾಸಿನಿ ಎನ್ಸೆಲಡಸ್‌ನಿಂದ ಬರೀ 173 ಕಿಲೋಮೀಟರ್ ದೂರದಲ್ಲಿ ಹಾರಿತು.

ಈ ಚಂದ್ರನ ಬಗ್ಗೆ ಸುಳಿವುಗಳು ಅದಕ್ಕೂ ಹಿಂದೆಯೇ ಇದ್ದವು. ವಿಲಿಯಂ ಹರ್ಷೆಲ್ ಇದನ್ನು ಗುರುತಿಸಿದ್ದು 1789ರ ಆಗಸ್ಟ್ 28ರಂದು, ಇಂಗ್ಲೆಂಡಿನಲ್ಲಿ ತಾನೇ ಕಟ್ಟಿಸಿದ ದೈತ್ಯ ದೂರದರ್ಶಕದಿಂದ. ಆಮೇಲೆ ಸುಮಾರು ಎರಡು ಶತಮಾನ ಅದು ಬೆಳಕಿನ ಒಂದು ಚುಕ್ಕೆಯಾಗಿಯೇ ಉಳಿಯಿತು. 1960ರ ದಶಕದಲ್ಲಿ ಅಮೆರಿಕದ ವಾಲ್ಟರ್ ಫೈಬಲ್‌ಮನ್ ಶನಿಯ ಹೊರವಲಯದಲ್ಲಿ ತೀರಾ ಮಸುಕಾದ ಇನ್ನೊಂದು ಉಂಗುರವನ್ನು ಕಂಡರು. ಇಂದು ಅದಕ್ಕೆ ‘ಇ’ ಉಂಗುರ ಎನ್ನುತ್ತಾರೆ. ಅದು ಎನ್ಸೆಲಡಸ್ ಸುತ್ತುವ ಹಾದಿಯಲ್ಲೇ ಅತಿ ದಟ್ಟವಾಗಿದೆ ಎಂಬುದು ಮುಂದೆ ಗೊತ್ತಾಯಿತು. 1981ರ ಆಗಸ್ಟ್‌ನಲ್ಲಿ ವಾಯೇಜರ್ 2 ಕಳಿಸಿದ ಚಿತ್ರಗಳಲ್ಲಿ ಈ ಚಂದ್ರನ ಕೆಲವು ಬಯಲುಗಳು ನುಣುಪಾಗಿದ್ದವು. ಉಲ್ಕೆಗಳು ಬಡಿದು ಮಾಡಿದ ಕುಳಿಗಳು ಅಲ್ಲಿರಲಿಲ್ಲ. ಮೇಲ್ಮೈಯಂತೂ ಬೀಳುವ ಬಿಸಿಲನ್ನು ಬಹುಮಟ್ಟಿಗೆ ಹಾಗೆಯೇ ಹಿಂದಿರುಗಿಸುವಷ್ಟು ಬಿಳುಪು. ಸೌರಮಂಡಲದಲ್ಲಿ ಇಷ್ಟು ಬೆಳ್ಳಗಿನ ದೊಡ್ಡ ಕಾಯ ಇನ್ನೊಂದಿಲ್ಲ. ಕುಳಿ ಮುಚ್ಚಿದೆ, ಬಣ್ಣ ಹೊಸದಾಗಿದೆ ಎಂದರೆ ಯಾವುದೋ ವಸ್ತು ಮೇಲೆ ಬಂದು ಬೀಳುತ್ತಲೇ ಇದೆ ಎಂದು ಆಗಲೇ ಕೆಲವರು ಊಹಿಸಿದ್ದರು.

ಆದರೆ ಊಹೆಗೆ ಅಡ್ಡ ನಿಂತದ್ದು ಸರಳವಾದ ಒಂದು ತರ್ಕ. ಕಾಯ ಚಿಕ್ಕದಾದಷ್ಟೂ ಬೇಗ ತಣಿಯುತ್ತದೆ. ನಮ್ಮ ಚಂದ್ರನಂಥ ದೊಡ್ಡ ಚಂದ್ರನ ಜ್ವಾಲಾಮುಖಿಗಳೇ ಬಹುಕಾಲದ ಹಿಂದೆ ಆರಿಹೋಗಿವೆ. ಹಾಗಿರುವಾಗ 504 ಕಿಲೋಮೀಟರಿನ ಹಿಮದ ಉಂಡೆಯೊಳಗೆ ಬಿಸಿ ಎಲ್ಲಿಂದ ಉಳಿಯಬೇಕು? ಪಕ್ಕದಲ್ಲೇ ಮೈಮಸ್ ಎಂಬ ಇನ್ನೊಂದು ಚಂದ್ರನಿದೆ. ಗಾತ್ರದಲ್ಲಿ ಸ್ವಲ್ಪ ಸಣ್ಣದು, ಶನಿಗೆ ಇನ್ನೂ ಹತ್ತಿರ. ಅದರ ಮೈತುಂಬ ಹಳೆಯ ಕುಳಿಗಳು, ಚಟುವಟಿಕೆಯ ಗುರುತೇ ಇಲ್ಲ. ಮೈಮಸ್ ಹಾಗಿದ್ದರೆ ಎನ್ಸೆಲಡಸ್ ಬೇರೆಯಾಗಿರಲು ಕಾರಣವೇನು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ. ಇಲ್ಲಿ ಒಂದು ವಿಷಯವನ್ನು ಸೇರಿಸಬೇಕು: 2024ರಲ್ಲಿ ಪ್ಯಾರಿಸ್ ವೀಕ್ಷಣಾಲಯದ ವ್ಯಾಲೆರಿ ಲೇನಿ ಮತ್ತು ಸಂಗಡಿಗರು ಮೈಮಸ್‌ನ ಹಾದಿಯನ್ನು ಸೂಕ್ಷ್ಮವಾಗಿ ಲೆಕ್ಕಹಾಕಿ, ಅದರ ಹಿಮದಡಿಯಲ್ಲೂ ಎಳೆಯ ವಯಸ್ಸಿನ ಸಾಗರವಿರಬೇಕೆಂದು ವಾದಿಸಿದ್ದಾರೆ. ಹೊರಮೈ ನೋಡಿ ಸತ್ತ ಲೋಕವೆಂದು ಬರೆದಿಟ್ಟದ್ದನ್ನು ಅಲ್ಲಿಯೂ ಈಗ ತಿದ್ದಬೇಕಾಗಿ ಬಂದಿದೆ.

ಜುಲೈ 14ರ ಹಾರಾಟದಲ್ಲಿ ಒಂದೊಂದು ಉಪಕರಣವೂ ತನ್ನದೇ ದಾರಿಯಲ್ಲಿ ಒಂದೇ ಕಡೆಗೆ ಬೆರಳು ತೋರಿಸಿತು. ಅನಿಲಗಳನ್ನು ತೂಗುವ ಉಪಕರಣಕ್ಕೆ ನೀರಾವಿ ಸಿಕ್ಕಿತು. ಧೂಳಿನ ಕಣಗಳನ್ನು ಎಣಿಸುವ ಉಪಕರಣದಲ್ಲಿ ನೌಕೆ ಅತಿ ಸಮೀಪಕ್ಕೆ ಬರುವ ಮೊದಲೇ ಎಣಿಕೆ ಏರಿತು. ಕಣಗಳು ಎಲ್ಲ ಕಡೆಯಿಂದಲ್ಲ, ದಕ್ಷಿಣದ ಕಡೆಯಿಂದ ಬರುತ್ತಿವೆ ಎಂಬುದು ಅದರ ಅರ್ಥ. ಶಾಖವನ್ನು ಅಳೆಯುವ ಉಪಕರಣ ಇನ್ನೂ ವಿಚಿತ್ರವಾದ ಸಂಗತಿ ಹೇಳಿತು. ಬಿಸಿಲು ಓರೆಯಾಗಿ ಬೀಳುವ ಧ್ರುವ ಅತಿ ತಣ್ಣಗಿರಬೇಕು. ಇಲ್ಲಿ ದಕ್ಷಿಣ ಧ್ರುವವೇ ಬೆಚ್ಚಗಿತ್ತು. ಬೆಚ್ಚಗೆ ಎಂದರೂ ನೀರು ಹೆಪ್ಪುಗಟ್ಟುವುದಕ್ಕಿಂತ ಬಹಳ ಕೆಳಗಿನ ಉಷ್ಣತೆಯೇ. ಆದರೆ ಸುತ್ತಲಿನ ನೆಲ ಮೈನಸ್ 200 ಡಿಗ್ರಿಯ ಆಸುಪಾಸಿನಲ್ಲಿರುವಾಗ ಹತ್ತಿಪ್ಪತ್ತು ಡಿಗ್ರಿ ಹೆಚ್ಚಾದರೂ ಅದಕ್ಕೊಂದು ಮೂಲವಿರಲೇಬೇಕು.

ಆ ಶಾಖ ಹರಡಿಕೊಂಡಿರಲಿಲ್ಲ, ನಾಲ್ಕು ಗೆರೆಗಳ ಉದ್ದಕ್ಕೂ ಕೂಡಿಕೊಂಡಿತ್ತು. ದಕ್ಷಿಣ ಧ್ರುವದಲ್ಲಿ ಹೆಚ್ಚುಕಡಿಮೆ ಸಮಾಂತರವಾಗಿ ಸೀಳಿಕೊಂಡಿರುವ ನಾಲ್ಕು ಬಿರುಕುಗಳವು. ಒಂದೊಂದೂ ಸುಮಾರು 130 ಕಿಲೋಮೀಟರ್ ಉದ್ದ, 2 ಕಿಲೋಮೀಟರ್ ಅಗಲ, ಅರ್ಧ ಕಿಲೋಮೀಟರ್ ಆಳ. ವಿಜ್ಞಾನಿಗಳು ಅವನ್ನು ಹುಲಿಪಟ್ಟೆಗಳೆಂದು ಕರೆದರು. ಈ ಚಂದ್ರನ ಮೇಲಿನ ಜಾಗಗಳಿಗೆ ಅರೇಬಿಯನ್ ನೈಟ್ಸ್ ಕಥೆಗಳಿಂದ ಹೆಸರಿಡುವ ವಾಡಿಕೆಯಿದೆ. ಹಾಗಾಗಿ ಬಿರುಕುಗಳು ಅಲೆಕ್ಸಾಂಡ್ರಿಯಾ, ಕೈರೋ, ಬಾಗ್ದಾದ್, ಡಮಾಸ್ಕಸ್ ಆದವು.

ಕಣ್ಣಿಗೆ ಕಾಣುವ ಸಾಕ್ಷಿ ಬಂದದ್ದು ಅದೇ ವರ್ಷ ನವೆಂಬರ್ 27ರಂದು. ವರ್ಷದ ಆರಂಭದ ಕೆಲವು ಚಿತ್ರಗಳಲ್ಲಿಯೂ ಚಂದ್ರನ ಅಂಚಿನಾಚೆ ಮಸುಕು ಬೆಳಕೊಂದು ಕಂಡಿತ್ತು. ಅದು ಕ್ಯಾಮೆರಾದೊಳಗೆ ಚೆದುರಿದ ಬೆಳಕಾಗಿರಬಹುದೆಂದು ಚಿತ್ರ ತಂಡ ಸುಮ್ಮನಿತ್ತು. ಈ ಸಲ ಸೂರ್ಯ ಚಂದ್ರನ ಹಿಂಬದಿಗೆ ಬರುವಂತೆ ಕ್ಯಾಸಿನಿ ನಿಂತು ನೋಡಿತು. ಸಣ್ಣ ಹಿಮಕಣಗಳು ಹಿಂದಿನಿಂದ ಬರುವ ಬೆಳಕಿನಲ್ಲೇ ಚೆನ್ನಾಗಿ ಹೊಳೆಯುತ್ತವೆ. ದಕ್ಷಿಣ ಧ್ರುವದ ಅಂಚಿನಿಂದ ಕಾರಂಜಿಗಳ ಸಾಲು ನೂರಾರು ಕಿಲೋಮೀಟರ್ ಎತ್ತರಕ್ಕೆ ಚಿಮ್ಮುತ್ತಿರುವುದು ಸ್ಪಷ್ಟವಾಗಿ ಕಂಡಿತು. 2006ರ ಮಾರ್ಚ್‌ನಲ್ಲಿ ಕ್ಯಾರೊಲಿನ್ ಪೋರ್ಕೊ ನೇತೃತ್ವದ ತಂಡ ಈ ಫಲಿತಾಂಶವನ್ನು ಪ್ರಕಟಿಸಿತು. ವರ್ಷಗಟ್ಟಲೆ ಚಿತ್ರಗಳನ್ನು ಜೋಡಿಸಿ ನೋಡಿದ ಮೇಲೆ, 2014ರಲ್ಲಿ, ಅದೇ ತಂಡ 101 ಚಿಲುಮೆಗಳನ್ನು ಗುರುತಿಸಿ ನಕ್ಷೆ ಬರೆಯಿತು. ಎಲ್ಲವೂ ಆ ನಾಲ್ಕು ಬಿರುಕುಗಳ ಮೇಲೆಯೇ.

ಈ ಚಿಲುಮೆಗಳ ಬಲ ಎಷ್ಟು? ಪ್ರತಿ ಸೆಕೆಂಡಿಗೆ ಸುಮಾರು 300 ಕಿಲೋ ನೀರಾವಿ ಹೊರಬೀಳುತ್ತದೆ ಎಂದು ಜೇಮ್ಸ್ ವೆಬ್ ದೂರದರ್ಶಕದ ಅಳತೆ ಹೇಳುತ್ತದೆ. 2023ರಲ್ಲಿ ಪ್ರಕಟವಾದ ಆ ಅಳತೆಯ ಪ್ರಕಾರ ಆವಿಯ ತುರಾಯಿ ಸುಮಾರು 10,000 ಕಿಲೋಮೀಟರ್ ದೂರದವರೆಗೆ, ಅಂದರೆ ಚಂದ್ರನ ಅಡ್ಡಳತೆಯ ಇಪ್ಪತ್ತು ಪಟ್ಟು ದೂರಕ್ಕೆ ಚಾಚಿದೆ. ಅಲ್ಲಿನ ಗುರುತ್ವ ತೀರಾ ದುರ್ಬಲ. ಸೆಕೆಂಡಿಗೆ 240 ಮೀಟರ್ ವೇಗ ಸಿಕ್ಕಿದರೆ ಸಾಕು, ವಸ್ತು ಮತ್ತೆ ಮರಳುವುದಿಲ್ಲ. ಆವಿಗೆ ಆ ವೇಗ ಸುಲಭವಾಗಿ ದಕ್ಕುತ್ತದೆ. ಹಿಮಕಣಗಳಲ್ಲಿ ಬಹುಪಾಲು ಮಾತ್ರ ವೇಗ ಸಾಲದೆ ನೆಲಕ್ಕೇ ಹಿಂದಿರುಗುತ್ತವೆ. ಯುಗಯುಗಗಳಿಂದ ಹೀಗೆ ಉದುರಿದ ನವಿರಾದ ಹಿಮ ಕೆಲವೆಡೆ 100 ಮೀಟರ್‌ಗೂ ದಪ್ಪವಾಗಿ ಕೂತು ಕುಳಿಗಳನ್ನು ಮುಚ್ಚಿದೆ. ತಪ್ಪಿಸಿಕೊಂಡ ಕಣಗಳೇ ‘ಇ’ ಉಂಗುರ. ಆವಿ ಶನಿಯ ಸುತ್ತ ಇನ್ನೊಂದು ದೊಡ್ಡ ಬಳೆಯಾಗಿ ನಿಂತಿದೆ. ಅದರಲ್ಲಿ ಒಂದಿಷ್ಟು ಶನಿಯ ಮೇಲ್ವಾತಾವರಣಕ್ಕೂ ಇಳಿಯುತ್ತದೆ. ಈ ಬಳೆಯನ್ನು 2011ರಲ್ಲಿ ಪತ್ತೆಮಾಡಿದ ಯುರೋಪಿನ ಬಾಹ್ಯಾಕಾಶ ದೂರದರ್ಶಕಕ್ಕೂ ಹರ್ಷೆಲ್ ಎಂದೇ ಹೆಸರು. ಒಂದು ಪುಟ್ಟ ಚಂದ್ರ ಒಂದು ಇಡೀ ಉಂಗುರವನ್ನು ಸಾಕುತ್ತಿದೆ, ದೈತ್ಯ ಗ್ರಹವೊಂದಕ್ಕೆ ನೀರು ಎರೆಯುತ್ತಿದೆ. ಸೌರಮಂಡಲದಲ್ಲಿ ಇದಕ್ಕಿಂತ ಅಚ್ಚರಿಯ ದಾನ ಇನ್ನೊಂದು ಕಂಡಿಲ್ಲ.

ಹಾಗಾದರೆ ಬಿಸಿ ಎಲ್ಲಿಂದ ಎಂಬ ಹಳೆಯ ಪ್ರಶ್ನೆಗೆ ಉತ್ತರ ಉಬ್ಬರವಿಳಿತ. ಎನ್ಸೆಲಡಸ್ ಶನಿಯನ್ನು ಸುಮಾರು 33 ಗಂಟೆಗೊಮ್ಮೆ ಸುತ್ತುತ್ತದೆ. ಅದು ಎರಡು ಸುತ್ತು ಮುಗಿಸುವಷ್ಟರಲ್ಲಿ ಡಯೋನಿ ಎಂಬ ಹೊರಗಿನ ಚಂದ್ರ ಒಂದು ಸುತ್ತು ಮುಗಿಸುತ್ತದೆ. ಹೀಗೆ ಒಂದೇ ತಾಳದಲ್ಲಿ ಡಯೋನಿ ಮತ್ತೆ ಮತ್ತೆ ಜಗ್ಗುವುದರಿಂದ ಎನ್ಸೆಲಡಸ್‌ನ ಹಾದಿ ಪೂರ್ತಿ ವೃತ್ತವಾಗದೆ ಕೊಂಚ ಮೊಟ್ಟೆಯಾಕಾರದಲ್ಲೇ ಉಳಿದಿದೆ. ಶನಿಗೆ ಹತ್ತಿರ ಬಂದಾಗ ಅದರ ಸೆಳೆತ ಹೆಚ್ಚು, ದೂರ ಹೋದಾಗ ಕಡಿಮೆ. ಪ್ರತಿ ಸುತ್ತಿನಲ್ಲೂ ಚಂದ್ರನ ಮೈ ಹಿಗ್ಗಿ ಕುಗ್ಗುತ್ತದೆ. ಒಳಗಿನ ಹಿಮ, ಸಡಿಲವಾದ ಕಲ್ಲಿನ ಗರ್ಭ, ನೀರು ಎಲ್ಲ ಒಂದಕ್ಕೊಂದು ಉಜ್ಜಿಕೊಂಡು ಬಿಸಿಯಾಗುತ್ತವೆ. 2011ರಲ್ಲಿ ಪ್ರಕಟವಾದ ಅಳತೆಯಂತೆ ದಕ್ಷಿಣ ಧ್ರುವದಿಂದ ಹೊರಬೀಳುವ ಶಾಖ ಸುಮಾರು 15.8 ಗಿಗಾವ್ಯಾಟ್, ಅದುವರೆಗೆ ಊಹಿಸಿದ್ದಕ್ಕಿಂತ ಬಹಳ ಹೆಚ್ಚು.

ಈ ವಿವರಣೆಗೆ ಒಂದು ಸೊಗಸಾದ ಪರೀಕ್ಷೆ ಇದ್ದೇ ಇತ್ತು. ಉಬ್ಬರವಿಳಿತವೇ ಬಿರುಕುಗಳನ್ನು ತೆರೆದು ಮುಚ್ಚುತ್ತಿದ್ದರೆ, ಚಂದ್ರ ಶನಿಯಿಂದ ಅತಿ ದೂರದಲ್ಲಿರುವಾಗ ಚಿಲುಮೆ ಜೋರಾಗಬೇಕು, ಹತ್ತಿರವಿರುವಾಗ ಕುಗ್ಗಬೇಕು. 2013ರಲ್ಲಿ ಮ್ಯಾಥ್ಯೂ ಹೆಡ್‌ಮನ್ ಮತ್ತು ಸಹೋದ್ಯೋಗಿಗಳು ಕ್ಯಾಸಿನಿಯ ಇನ್ನೂರಕ್ಕೂ ಹೆಚ್ಚು ಚಿತ್ರಗಳನ್ನು ಅಳೆದು ನೋಡಿದರು. ದೂರದಲ್ಲಿರುವಾಗ ಚಿಲುಮೆಯ ಹೊಳಪು ಹಲವು ಪಟ್ಟು ಏರುತ್ತಿತ್ತು.

ಇನ್ನು ಈ ಕಥೆಯ ನಡುಮನೆ: ಚಿಮ್ಮುವ ನೀರಿನ ಹಿಂದೆ ಕಡಲಿದೆ ಎಂದು ತಿಳಿದದ್ದು ಹೇಗೆ? ಬಿರುಕಿನ ಬದಿಯ ಹಿಮ ಬಿಸಿಯಾಗಿ ನೇರವಾಗಿ ಆವಿಯಾದರೂ ತುರಾಯಿ ಏಳಬಹುದಲ್ಲ? ಹಾಗೆ ವಾದಿಸಿದವರೂ ಇದ್ದರು. ಉತ್ತರ ಸಿಕ್ಕಿದ್ದು ಉಪ್ಪಿನಲ್ಲಿ. ಒಲೆಯ ಮೇಲೆ ಉಪ್ಪುನೀರನ್ನು ಕುದಿಸಿದರೆ ಮೇಲಿನ ಮುಚ್ಚಳದಲ್ಲಿ ಹನಿಗಟ್ಟುವುದು ಸಪ್ಪೆ ನೀರು. ಉಪ್ಪು ಪಾತ್ರೆಯ ತಳದಲ್ಲೇ ಉಳಿಯುತ್ತದೆ. ಆವಿ ಹೆಪ್ಪುಗಟ್ಟಿ ಆದ ಹಿಮಕಣದಲ್ಲೂ ಹಾಗೆಯೇ ಉಪ್ಪು ಇರಲಾರದು. ಜರ್ಮನಿಯ ಫ್ರ್ಯಾಂಕ್ ಪೋಸ್ಟ್‌ಬರ್ಗ್ ಮತ್ತು ತಂಡ ‘ಇ’ ಉಂಗುರದ ಕಣಗಳನ್ನು ಒಂದೊಂದಾಗಿ ಪರಿಶೀಲಿಸಿ, ಅವುಗಳಲ್ಲಿ ಕೆಲವುಗಳಲ್ಲಿ ಸೋಡಿಯಂ ಲವಣಗಳಿವೆ ಎಂದು 2009ರಲ್ಲಿ ತೋರಿಸಿದರು. 2011ರಲ್ಲಿ ಇನ್ನೂ ಬಲವಾದ ಸಾಕ್ಷಿ ಬಂತು: ಬಿರುಕುಗಳಿಗೆ ಹತ್ತಿರವಾದಷ್ಟೂ ಉಪ್ಪಿನ ಕಣಗಳ ಪಾಲು ಹೆಚ್ಚು. ಅವು ಕಲ್ಲನ್ನು ಮುಟ್ಟಿದ ದ್ರವರೂಪದ ನೀರಿನ ಹನಿಗಳು, ಹಾರುವಾಗ ಹೆಪ್ಪುಗಟ್ಟಿದವು. ಬೇರೆ ದಾರಿಯಿಂದ ಅಷ್ಟು ಉಪ್ಪು ಬರಲು ಸಾಧ್ಯವಿಲ್ಲ.

ಆ ನೀರು ಧ್ರುವದಡಿಯ ಒಂದು ಕೆರೆಯೋ, ಇಡೀ ಚಂದ್ರನನ್ನು ಆವರಿಸಿದ ಸಾಗರವೋ? ಮೊದಲು ಗುರುತ್ವವನ್ನು ಅಳೆದರು. ಎನ್ಸೆಲಡಸ್ ಬಳಿ ಹಾದಾಗ ಕ್ಯಾಸಿನಿಯ ವೇಗದಲ್ಲಿ ಆಗುವ ಬದಲಾವಣೆಯನ್ನು, ಅದು ಭೂಮಿಗೆ ಕಳಿಸುವ ರೇಡಿಯೋ ಅಲೆಯಿಂದಲೇ ಲೆಕ್ಕಹಾಕಬಹುದು. ಸೆಕೆಂಡಿಗೆ ಒಂದು ಮಿಲಿಮೀಟರ್‌ನ ಹತ್ತರಲ್ಲೊಂದು ಪಾಲಿಗಿಂತಲೂ ಸೂಕ್ಷ್ಮವಾಗಿ. ದಕ್ಷಿಣದ ಹಿಮದಡಿಯಲ್ಲಿ ಹಿಮಕ್ಕಿಂತ ಭಾರವಾದ ನೀರಿದೆ ಎಂದು ಇಟಲಿಯ ಲುಚಿಯಾನೋ ಇಯೆಸ್ ತಂಡ 2014ರಲ್ಲಿ ಹೇಳಿತು. ಮರುವರ್ಷ ಕಾರ್ನೆಲ್ ವಿಶ್ವವಿದ್ಯಾಲಯದ ಪೀಟರ್ ಥಾಮಸ್ ಮತ್ತು ಸಂಗಡಿಗರು ಏಳು ವರ್ಷಗಳ ಚಿತ್ರಗಳಲ್ಲಿ ಕುಳಿಗಳ ಜಾಗವನ್ನು ಅಳೆದು ಅಳೆದು, ಈ ಚಂದ್ರ ಸುತ್ತುವಾಗ ಲೆಕ್ಕಕ್ಕಿಂತ ಹೆಚ್ಚು ಓಲಾಡುತ್ತದೆ ಎಂದು ಕಂಡುಕೊಂಡರು. ಹಿಮದ ಚಿಪ್ಪು ಕಲ್ಲಿನ ಗರ್ಭಕ್ಕೆ ಅಂಟಿಕೊಂಡಿದ್ದರೆ ಅಷ್ಟು ಓಲಾಟ ಆಗದು. ಚಿಪ್ಪು ತೇಲುತ್ತಿದೆ. ಅದರ ಸರಾಸರಿ ದಪ್ಪ 20ರಿಂದ 25 ಕಿಲೋಮೀಟರ್, ದಕ್ಷಿಣ ಧ್ರುವದಲ್ಲಿ ಅದಕ್ಕಿಂತ ಎಷ್ಟೋ ತೆಳು. ಕೆಳಗೆ ಇಡೀ ಚಂದ್ರನನ್ನು ಸುತ್ತುವರಿದ ಉಪ್ಪುನೀರಿನ ಸಾಗರ.

ಭೂಮಿಯ ಆಚೆ ಕಡಲಿನ ನೀರನ್ನು ರುಚಿ ನೋಡುವ ಭಾಗ್ಯ ಮನುಷ್ಯನಿಗೆ ಸಿಕ್ಕಿದ್ದು ಇಲ್ಲಿ ಮಾತ್ರ. ಹಿಮ ಕೊರೆಯಬೇಕಿಲ್ಲ, ಇಳಿಯಬೇಕಿಲ್ಲ. ತುರಾಯಿಯ ನಡುವೆ ಹಾರಿದರೆ ಸಾಕು. 2008ರ ಅಕ್ಟೋಬರ್ 9ರಂದು ಕ್ಯಾಸಿನಿ 25 ಕಿಲೋಮೀಟರ್ ಎತ್ತರದವರೆಗೂ ಇಳಿದು ಹಾರಿತು. ಸೆಕೆಂಡಿಗೆ 18 ಕಿಲೋಮೀಟರ್ ಸಮೀಪದ ವೇಗ! ಇಂಥ ಹಾರಾಟಗಳಲ್ಲಿ ನೀರಿನ ಜೊತೆಗೆ ಇಂಗಾಲದ ಡೈಆಕ್ಸೈಡ್, ಮೀಥೇನ್, ಅಮೋನಿಯಾ, ಸಾವಯವ ಅಣುಗಳು ಸಿಕ್ಕವು. 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಶನಿಯ ಬಳಿ ಹಾರಾಡುವ ಅತಿ ಸಣ್ಣ ಸಿಲಿಕಾ ಕಣಗಳನ್ನು ಹಿಡಿದು ಮಾತಾಡಿತು. ಕೆಲವೇ ನ್ಯಾನೋಮೀಟರ್ ಗಾತ್ರದ ಅಂಥ ಕಣಗಳು ಹುಟ್ಟಬೇಕಾದರೆ ಕನಿಷ್ಠ 90 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಕಲ್ಲಿನೊಳಗೆ ಹರಿದು, ಅದರ ಸಿಲಿಕಾವನ್ನು ಕರಗಿಸಿಕೊಂಡು, ತಣ್ಣನೆಯ ಕಡಲಿಗೆ ಸೇರಬೇಕು. ಮೈನಸ್ 200 ಡಿಗ್ರಿಯ ಹೊರಮೈ, ಅದರಡಿ ಕಡಲು, ಕಡಲ ತಳದಲ್ಲಿ ಬಿಸಿನೀರಿನ ಬುಗ್ಗೆ.

ನಮ್ಮ ಕಡಲುಗಳ ತಳದಲ್ಲೂ ಇಂಥ ಬುಗ್ಗೆಗಳಿವೆ. 1977ರಲ್ಲಿ ಗಲಾಪಗೋಸ್ ದ್ವೀಪಗಳ ಬಳಿ ಆಲ್ವಿನ್ ಎಂಬ ಜಲಾಂತರ ವಾಹನದಲ್ಲಿ ಇಳಿದವರು ಬಿಸಿಲು ಎಂದೂ ತಲುಪದ ಕತ್ತಲಲ್ಲಿ ಜೀವಿಗಳ ದಟ್ಟಣೆಯನ್ನೇ ಕಂಡರು. ಬಂಡೆಯ ರಸಾಯನವನ್ನೇ ಉಂಡು ಬದುಕುವ ಸೂಕ್ಷ್ಮಜೀವಿಗಳು ಆ ಲೋಕದ ಬುಡದಲ್ಲಿದ್ದವು. 2000ದಲ್ಲಿ ಅಟ್ಲಾಂಟಿಕ್ ಸಾಗರದ ನಡುವೆ ಪತ್ತೆಯಾದ ‘ಲಾಸ್ಟ್ ಸಿಟಿ’ ಬುಗ್ಗೆಗಳಲ್ಲಿ ನೀರು ಮತ್ತು ಬಂಡೆ ಸೇರಿ ಹೈಡ್ರೋಜನ್ ಹುಟ್ಟುತ್ತದೆ. 2017ರಲ್ಲಿ ಹಂಟರ್ ವೇಟ್ ತಂಡ ಎನ್ಸೆಲಡಸ್‌ನ ತುರಾಯಿಯಲ್ಲೂ ಹೈಡ್ರೋಜನ್ ಇದೆ ಎಂದು ತಿಳಿಸಿತು: ನೂರಕ್ಕೆ 0.4ರಿಂದ 1.4ರಷ್ಟು. ಹೈಡ್ರೋಜನ್ ಮತ್ತು ಇಂಗಾಲದ ಡೈಆಕ್ಸೈಡ್ ಸೇರಿಸಿ ಮೀಥೇನ್ ಮಾಡಿ, ಆ ಶಕ್ತಿಯಿಂದ ಬದುಕುವ ಸೂಕ್ಷ್ಮಜೀವಿಗಳು ಭೂಮಿಯಲ್ಲಿವೆ. 2023ರಲ್ಲಿ ಫಾಸ್ಫೇಟ್ ಕೂಡ ಸಿಕ್ಕಿತು; ಅದೂ ನಮ್ಮ ಸಾಗರಗಳಲ್ಲಿರುವುದಕ್ಕಿಂತ ಕನಿಷ್ಠ ನೂರು ಪಟ್ಟು ಸಾಂದ್ರವಾಗಿ. ಡಿಎನ್‌ಎಯ ಬೆನ್ನೆಲುಬಿಗೆ ಬೇಕಾದ ರಂಜಕ ಅಲ್ಲಿ ಕೊರತೆಯಾಗಬಹುದೆಂದು ಅದುವರೆಗೂ ಹಲವರು ಅನುಮಾನಪಟ್ಟಿದ್ದರು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಎನ್ಸೆಲಡಸ್‌ನಲ್ಲಿ ಜೀವ ಪತ್ತೆಯಾಗಿಲ್ಲ. ಜೀವಿಗಳಿಲ್ಲದೆಯೂ ಬಂಡೆ ಮತ್ತು ನೀರು ಮೀಥೇನ್ ಮಾಡಬಲ್ಲವು. ಅಷ್ಟೊಂದು ಹೈಡ್ರೋಜನ್ ತಿನ್ನದೆ ಉಳಿದಿದೆ ಎಂದರೆ ತಿನ್ನುವವರೇ ಇಲ್ಲ ಎಂದೂ ವಾದಿಸಬಹುದು. ಅನುಕೂಲಗಳಿವೆ ಎಂಬುದು ಬೇರೆ, ಜೀವವಿದೆ ಎಂಬುದು ಬೇರೆ. ಪತ್ರಿಕೆಗಳ ತಲೆಬರಹಗಳಲ್ಲಿ ಈ ಎರಡರ ನಡುವಿನ ಗೆರೆ ಆಗಾಗ ಅಳಿಸಿಹೋಗುತ್ತದೆ.

ಹೆಪ್ಪುಗಟ್ಟಿದ ಚಂದ್ರನೊಂದು ಚಿಮ್ಮುವುದನ್ನು ಮೊದಲು ತೋರಿಸಿದ ಗೌರವ ಮಾತ್ರ ಎನ್ಸೆಲಡಸ್‌ಗೆ ಸಲ್ಲದು. ಅದು ನೆಪ್ಚೂನ್‌ನ ದೊಡ್ಡ ಚಂದ್ರ ಟ್ರೈಟನ್‌ನದು. 1989ರ ಆಗಸ್ಟ್ 25ರಂದು ವಾಯೇಜರ್ 2 ಅದನ್ನು ಹಾದುಹೋಯಿತು. ಮೇಲ್ಮೈ ಉಷ್ಣತೆ ಮೈನಸ್ 235 ಡಿಗ್ರಿ. ನಾವು ಉಸಿರಾಡುವ ಗಾಳಿಯ ಸಾರಜನಕ ಅಲ್ಲಿ ಕಲ್ಲಿನಂತೆ ಗಟ್ಟಿ. ಬೇರೆ ಬೇರೆ ಕೋನದಿಂದ ತೆಗೆದ ಚಿತ್ರಗಳನ್ನು ಜೋಡಿಸಿ ನೋಡಿದಾಗ ಕಪ್ಪು ಕಂಬಗಳು 8 ಕಿಲೋಮೀಟರ್ ಎತ್ತರಕ್ಕೆ ನೇರವಾಗಿ ಎದ್ದು, ಅಲ್ಲಿ ತೆಳುಗಾಳಿಗೆ ಸಿಕ್ಕಿ ಅಡ್ಡಕ್ಕೆ ಬಾಗಿ, ನೂರು ಕಿಲೋಮೀಟರಿಗೂ ಉದ್ದದ ಬಾಲ ಬಿಟ್ಟಿರುವುದು ಕಂಡಿತು. ಅಲ್ಲಿನ ಕಾರಣ ಬೇರೆ ಇರಬೇಕು. ಪಾರದರ್ಶಕವಾದ ಸಾರಜನಕದ ಹಿಮದೊಳಗೆ ಬಿಸಿಲು ನುಸುಳಿ ಕೆಳಗಿನ ಕಪ್ಪು ಪದರವನ್ನು ಬೆಚ್ಚಗಾಗಿಸುತ್ತದೆ. ಉಷ್ಣತೆ ನಾಲ್ಕೇ ಡಿಗ್ರಿ ಏರಿದರೂ ಸಾರಜನಕ ಅನಿಲವಾಗಿ ಒತ್ತಡ ಹೆಚ್ಚಿ, ಹಿಮವನ್ನು ಸೀಳಿಕೊಂಡು ಚಿಮ್ಮುತ್ತದೆ. ಚಿಲುಮೆಗಳು ಕಂಡದ್ದು ಸೂರ್ಯ ನೆತ್ತಿಯ ಮೇಲಿದ್ದ ಪ್ರದೇಶದಲ್ಲೇ ಎಂಬುದು ಈ ವಾದಕ್ಕೆ ಬಲ ಕೊಡುತ್ತದೆ. ಒಳಗಿನ ಶಾಖವೇ ಕಾರಣವೆನ್ನುವವರೂ ಇದ್ದಾರೆ. ತೀರ್ಮಾನ ಆಗಬೇಕಾದರೆ ಅಲ್ಲಿಗೆ ಮತ್ತೆ ಹೋಗಬೇಕು. 1989ರ ನಂತರ ಯಾವ ನೌಕೆಯೂ ಟ್ರೈಟನ್ ಬಳಿ ಸುಳಿದಿಲ್ಲ.

ಗುಡ್ಡದಂತೆ ಎದ್ದು ನಿಂತ ಹಿಮಜ್ವಾಲಾಮುಖಿಗಳ ಪಟ್ಟಿಯಲ್ಲಿ ಶನಿಯ ಇನ್ನೊಂದು ಚಂದ್ರ ಟೈಟನ್‌ನ ಡೂಮ್ ಮಾನ್ಸ್, ಪ್ಲೂಟೋದ ರೈಟ್ ಮಾನ್ಸ್, ಕ್ಷುದ್ರಗ್ರಹಗಳ ಪಟ್ಟಿಯ ಸಿರಿಸ್ ಮೇಲಿನ ಅಹುನಾ ಮಾನ್ಸ್ ಇವೆ. ಇವು ಚಿಮ್ಮುವುದನ್ನು ಯಾರೂ ನೋಡಿಲ್ಲ. ಆಕಾರ ನೋಡಿ ಮಾಡಿದ ಅನುಮಾನ ಮಾತ್ರ. ಗುರುವಿನ ಚಂದ್ರ ಯೂರೋಪಾದಲ್ಲಿ ನೀರಾವಿಯ ತುರಾಯಿ ಕಂಡಿತೆಂದು 2013ರಲ್ಲಿ ಹಬಲ್ ದೂರದರ್ಶಕದ ಅಳತೆಗಳನ್ನು ಆಧರಿಸಿ ಹೇಳಿದರು. ಆಮೇಲಿನ ಹುಡುಕಾಟಗಳಲ್ಲಿ ಅದು ಗಟ್ಟಿಯಾಗಿ ಸಿಕ್ಕಿಲ್ಲ. 2024ರ ಅಕ್ಟೋಬರ್ 14ರಂದು ಹೊರಟ ಯೂರೋಪಾ ಕ್ಲಿಪ್ಪರ್ 2030ರ ಏಪ್ರಿಲ್‌ನಲ್ಲಿ ಗುರುವನ್ನು ತಲುಪಲಿದೆ. ಹಾರುವ ಕಣಗಳನ್ನು ಹಿಡಿದು ವಿಶ್ಲೇಷಿಸುವ ಉಪಕರಣ ಅದರಲ್ಲೂ ಇದೆ.

ಕ್ಯಾಸಿನಿಯ ಇಂಧನ ಮುಗಿಯುತ್ತ ಬಂದಾಗ, 2017ರ ಸೆಪ್ಟೆಂಬರ್ 15ರಂದು, ಅದನ್ನು ಶನಿಯ ವಾತಾವರಣಕ್ಕೇ ಇಳಿಸಿ ಉರಿದುಹೋಗುವಂತೆ ಮಾಡಿದರು. ಭೂಮಿಯಿಂದ ಅಂಟಿಕೊಂಡು ಹೋದ ಒಂದು ಸೂಕ್ಷ್ಮಜೀವಿಯೂ ಎನ್ಸೆಲಡಸ್‌ನ ಕಡಲಿಗಾಗಲಿ ಟೈಟನ್‌ಗಾಗಲಿ ಸೇರಬಾರದೆಂಬುದು ಉದ್ದೇಶ. ಅದು ಕಳಿಸಿದ ಅಂಕಿಗಳು ಇನ್ನೂ ಖರ್ಚಾಗಿಲ್ಲ. 2008ರ ಆ ವೇಗದ ಹಾರಾಟದಲ್ಲಿ ಉಪಕರಣಕ್ಕೆ ಬಡಿದ ಕಣಗಳನ್ನು ಬರ್ಲಿನ್ನಿನ ನೊಝೈರ್ ಖವಾಜಾ ಮತ್ತು ಸಂಗಡಿಗರು ಮತ್ತೆ ಪರಿಶೀಲಿಸಿ, ಆಗಷ್ಟೇ ಚಿಮ್ಮಿದ ತಾಜಾ ಹಿಮದಲ್ಲೇ ಸಾವಯವ ಅಣುಗಳಿವೆ ಎಂದು 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದರು. ಉಂಗುರದಲ್ಲಿ ವರ್ಷಗಟ್ಟಲೆ ವಿಕಿರಣಕ್ಕೆ ಸಿಕ್ಕಿ ಅವು ಹುಟ್ಟಿಕೊಂಡಿರಬಹುದೆಂಬ ಸಂಶಯ ಇದರಿಂದ ಬಹಳ ಮಟ್ಟಿಗೆ ಕಳೆಯಿತು.

ಯುರೋಪಿನ ಬಾಹ್ಯಾಕಾಶ ಸಂಸ್ಥೆ ತನ್ನ ಮುಂದಿನ ದೊಡ್ಡ ಯಾತ್ರೆಗಳಲ್ಲೊಂದನ್ನು ಎನ್ಸೆಲಡಸ್‌ಗೆ ಕಳಿಸಬೇಕೆಂದು ಅದರ ತಜ್ಞರ ಸಮಿತಿ 2024ರಲ್ಲಿ ಶಿಫಾರಸು ಮಾಡಿದೆ. ಹೊರಡುವುದು 2040ರ ದಶಕದಲ್ಲಿ. ತುರಾಯಿಯ ನಡುವೆ ಹಾರುವುದಷ್ಟೇ ಅಲ್ಲ, ದಕ್ಷಿಣ ಧ್ರುವದ ಹೊಸ ಹಿಮದ ಮೇಲೆ ಇಳಿಯುವುದೂ ಆ ಶಿಫಾರಸಿನಲ್ಲಿದೆ. ಅಮೈನೋ ಆಮ್ಲಗಳಿಗೆ ಎಡಗೈ, ಬಲಗೈಗಳಂತೆ ಎರಡು ರೂಪಗಳುಂಟು. ರಸಾಯನ ತಾನಾಗಿ ನಡೆದರೆ ಎರಡೂ ಹೆಚ್ಚುಕಡಿಮೆ ಸಮನಾಗಿ ಹುಟ್ಟುತ್ತವೆ, ಭೂಮಿಯ ಜೀವಿಗಳು ಪ್ರೋಟೀನ್ ಕಟ್ಟಲು ಎಡರೂಪವನ್ನೇ ಆರಿಸಿಕೊಳ್ಳುತ್ತವೆ. ಕೊಬ್ಬಿನಾಮ್ಲಗಳ ಸರಪಳಿಯಲ್ಲೂ ಜೀವಿಗಳು ಮಾಡಿದವಾದರೆ ಇಂಗಾಲದ ಪರಮಾಣುಗಳ ಎಣಿಕೆ ಹೆಚ್ಚಾಗಿ ಸಮಸಂಖ್ಯೆ. ಕ್ಯಾಸಿನಿಯ ಉಪಕರಣಗಳು ಈ ಎರಡು ಪರೀಕ್ಷೆಗಳಿಗೆಂದು ತಯಾರಾದವಲ್ಲ. ಇಳಿಯುವ ನೌಕೆಯ ಪ್ರಯೋಗಾಲಯಕ್ಕೆ ಒಂದು ಚಮಚದಷ್ಟು ಹಿಮ ಸಿಕ್ಕರೂ ಎರಡನ್ನೂ ಮಾಡಿ ನೋಡಬಹುದು.